ಬಳೆ ಅಕ್ಕನ ರಬ್ಬರ್ ಮೀನು

ಹೋದ ವಾರ ಹಡಗಲಿಯ ಬಾಡಿಗೆ ಮನೆಗೆ ಸಾಮಾನು ಇಳಿಸುವಾಗ ಟ್ರಂಕಿನ ತಳದಲ್ಲಿ ಒಂದು ಪ್ಲಾಸ್ಟಿಕ್ ಬಳೆ ಡಬ್ಬಿ ಸಿಕ್ಕಿತು. ಮುಚ್ಚಳ ಏಳಲೊಲ್ಲದು. ಚಾಕುವಿನ ತುದಿ ತೂರಿಸಿ ಮೀಟಿದಾಗ ಮೊದಲು ಬಂದದ್ದು ವಾಸನೆ... ಬಿಸಿಲಿಗೆ ಕಾದ ರೇನ್‌ಕೋಟಿನಂಥದ್ದು, ಸ್ವಲ್ಪ ಸಿಹಿ. ಒಳಗೆ ಬೆರಳುದ್ದದ ರಬ್ಬರ್ ಮೀನುಗಳು. ಬಣ್ಣಗಳು ಒಂದರೊಳಗೊಂದು ಇಳಿದು ಎಲ್ಲವೂ ಕೆಸರಿನ ಬಣ್ಣವಾಗಿದ್ದವು. ಡಬ್ಬಿಯ ತಳವನ್ನೇ ಕರಗಿಸಿ ಅಂಟಿಕೊಂಡಿದ್ದವು.

ಅವನ್ನು ಮಾಡಿದವಳು ಬಳೆ ಅಕ್ಕ. ಹಗರಿಬೊಮ್ಮನಹಳ್ಳಿಯ ನಮ್ಮ ಬೀದಿಯಲ್ಲಿ ಆಕೆಯ ಮನೆಯ ಮುಂದಿನ ಕೋಣೆಯೇ ಬಳೆ ಅಂಗಡಿ. ಗಂಡ ಇರುವ ತನಕ ಅಲ್ಲಿ ಯಾವಾಗಲೂ ಹೆಂಗಸರ ಗದ್ದಲ. ಕೈ ಹಿಡಿದು, ಗೆಣ್ಣು ಒತ್ತಿ, ಮಾತಿಗೆ ಮಾತು ಪೋಣಿಸುತ್ತ, ಬಳೆ ಏರಿದ್ದೇ ಗೊತ್ತಾಗದಂತೆ ತೊಡಿಸುತ್ತಿದ್ದಳು. ಗಂಡ ತೀರಿಕೊಂಡ ಮೇಲೂ ಹೆಂಗಸರು ಬರುವುದನ್ನು ಬಿಡಲಿಲ್ಲ. ಪಿನ್ನು ಒಯ್ದರು, ರಿಬ್ಬನ್ನು ಒಯ್ದರು, ಬಳೆಯನ್ನೂ ಒಯ್ದರು. ಆದರೆ ಪೇಪರಿನಲ್ಲಿ ಸುತ್ತಿಸಿಕೊಂಡು ಒಯ್ದರು. ಕೈ ಮಾತ್ರ ಯಾರೂ ಚಾಚಲಿಲ್ಲ. ಗಂಡ ಇಲ್ಲದವಳಿಂದ ಬಳೆ ತೊಡಿಸಿಕೊಳ್ಳಬಾರದು ಎಂದು ಯಾರೂ ಬಾಯಿಬಿಟ್ಟು ಹೇಳಲೂ ಇಲ್ಲ.

ನಮ್ಮಣ್ಣ ವೈರಿಂಗ್ ಕೆಲಸದವನು. ರಜೆ ಸಿಕ್ಕರೆ ಗಾಳ ಹಿಡಿದು ತಂಬ್ರಹಳ್ಳಿ ಕಡೆಯ ಹಿನ್ನೀರಿಗೆ ಹೋಗುತ್ತಿದ್ದ. ಗಾಳಕ್ಕೆ ರಬ್ಬರ್ ಮೀನು ಕಟ್ಟಿ ಎಸೆದು ಎಳೆದರೆ ಅದು ಬಾಲ ಅಲ್ಲಾಡಿಸುತ್ತ ಬರುತ್ತದೆ. ಕೊರಮೀನು ಅದನ್ನು ಜೀವಂತ ಮೀನೇ ಎಂದು ನುಂಗುತ್ತದೆ. ನಾಲ್ಕು ಸಲ ಕಚ್ಚಿದರೆ ರಬ್ಬರು ಹರಿಯುತ್ತದೆ. ಮನೆಯಲ್ಲೇ ಮಾಡುವುದನ್ನು ಮೊಬೈಲಿನಲ್ಲಿ ನೋಡಿ ಅವ್ವನ ಒಲೆಯ ಮೇಲೆ ಶುರುಮಾಡಿದ. ಆ ವಾಸನೆಗೆ ಅವ್ವ ಕಸಬರಿಗೆ ಹಿಡಿದಳು. ಅಲ್ಲಿಂದ ಓಡಿದವನು ಮಿಂಚಿನ ಪುಡಿ ಕೇಳಲು ಬಳೆ ಅಂಗಡಿಗೆ ಹೋದ. ಜೊತೆಗೆ ನಾನೂ ಇದ್ದೆ.

"ಮೀನಿಗೂ ಮಿಂಚು ಬೇಕೇನೋ ತಮ್ಮಾ? ಯಾರ ಮದುವಿ ಐತಿ ನೀರಾಗ?" ಎಂದಳು ಬಳೆ ಅಕ್ಕ.

"ಕೊರಮೀನು ಮಿಂಚಿಗೇ ಬರ್ತೈತಕ್ಕಾ. ಥೇಟ್ ನಿನ್ನ ಗಿರಾಕಿ ಇದ್ದಂಗ."

ಆಕೆ ನಕ್ಕಳು. ಎಷ್ಟೋ ದಿನದ ಮೇಲೆ...

ಅರಗಿನ ಬಳೆಗೆ ಹರಳು ಕೂಡಿಸಲು ಇಟ್ಟುಕೊಂಡಿದ್ದ ಸಣ್ಣ ಸ್ಟೌ ಹಿತ್ತಲಲ್ಲಿತ್ತು. ಅಣ್ಣ ಅದರ ಮೇಲೆ ಮೊದಲ ಸಲ ರಬ್ಬರನ್ನು ಸುಟ್ಟು ಕಂದು ಮಾಡಿದ್ದೇ ತಡ, ಆಕೆ ಸೌಟು ಕಸಿದುಕೊಂಡಳು. ಆಮೇಲೆ ಕೊಡಲೇ ಇಲ್ಲ. ಕ್ಯಾನಿನಲ್ಲಿ ತರಿಸಿದ ಹಾಲಿನಂಥ ಪ್ಲಾಸ್ಟಿಕ್ ದ್ರವ ಕಾಯುತ್ತ ಅಂಬಲಿಯಂತೆ ಗಟ್ಟಿಯಾಗಿ, ಆಮೇಲೆ ಜೇನಿನಂತೆ ತಿಳಿಯಾಗುತ್ತಿತ್ತು. ಆಗ ಬಣ್ಣ, ಮಿಂಚು. ಪ್ಲಾಸ್ಟರಿನ ಅಚ್ಚಿಗೆ ಮೊದಲು ಹೊಟ್ಟೆಯ ಬಣ್ಣ, ಅದು ಆರುವುದರೊಳಗೆ ಬೆನ್ನಿನ ಬಣ್ಣ. ತಡವಾದರೆ ಎರಡೂ ಅಂಟದೆ ಸಿಪ್ಪೆಯಂತೆ ಬಿಟ್ಟುಕೊಳ್ಳುತ್ತಿದ್ದವು. "ಆರಿದ್ರ ಅಂಟಂಗಿಲ್ಲ" ಎಂದು ತನ್ನಷ್ಟಕ್ಕೆ ಹೇಳಿಕೊಳ್ಳುತ್ತ ಎರೆಯುತ್ತಿದ್ದಳು.

ಬಣ್ಣಗಳಿಗೆ ಬಳೆಯ ಹೆಸರೇ ಇಟ್ಟಳು. ಗಿಳಿಹಸಿರು, ಅರಿಶಿನ, ಉಳ್ಳಾಗಡ್ಡಿ ಸಿಪ್ಪೆ, ನವಿಲುಗರಿ. ಅಚ್ಚಿನಿಂದ ತೆಗೆದ ಮೀನನ್ನು ತನ್ನ ಬರಿಗೈಯ ಮಣಿಕಟ್ಟಿನ ಮೇಲೆ ಅಡ್ಡ ಇಟ್ಟು ಬೆಳಕಿಗೆ ಹಿಡಿಯುತ್ತಿದ್ದಳು, ಗಿರಾಕಿಗೆ ಬಳೆ ತೋರಿಸುವಂತೆ. ಅಣ್ಣನ ಗೆಳೆಯರೂ ಕೊಳ್ಳತೊಡಗಿದರು. ಎಷ್ಟು ಮೀನು ಬಂತು, ಎಷ್ಟು ದೊಡ್ಡದು ಎಂದು ಆಕೆ ಯಾರನ್ನೂ ಕೇಳಲಿಲ್ಲ. ಕೇಳುತ್ತಿದ್ದದ್ದು ಒಂದೇ: "ಯಾವ ಬಣ್ಣಕ್ಕ ಬಂತು?"

ಎದುರು ಮನೆಯ ಹಿರಿಯಾಕೆ ಒಮ್ಮೆ ಹಿತ್ತಲಿಗೆ ಇಣುಕಿ, "ಕೊರಳಾಗ ಲಿಂಗ, ಕೈಯಾಗ ಮೀನು! ಚೊಲೊ ಆತು ಬಿಡವಾ" ಎಂದಳು.

ಬಳೆ ಅಕ್ಕ ಸೌಟು ಕೆಳಗಿಡಲಿಲ್ಲ. "ಕೈ ಕೊಡ್ರಿ, ಬಳಿ ಇಡ್ತೀನಿ. ಇವನ್ನ ಈಗಿಂದೀಗ ಬಿಡ್ತೀನಿ."

ಹಿರಿಯಾಕೆ ಸೆರಗು ಸರಿಮಾಡಿಕೊಂಡು ಹೋದಳು.

ನಮ್ಮ ಮನೆತನದಲ್ಲಿ ಡಿಗ್ರಿ ಮುಗಿಸಿದ ಮೊದಲನೆಯವಳು ನಾನು. ಹೇಳಿಕೊಳ್ಳಲು ಸಂಕೋಚವಿಲ್ಲ, ಕೂಲಿ ಮಾಡಿ ಓದಿಸಿದ್ದಾರೆ, ಕೂಲಿ ಮಾಡಿ ಓದಿದ್ದೇನೆ. ಗೋಡೆಯ ಮೇಲಿನ ಬುದ್ಧನ ಫೋಟೊದ ಪಕ್ಕದಲ್ಲೇ ನನ್ನ ಗೌನಿನ ಫೋಟೊ ಬಂತು. ಮರುವರ್ಷ ಮದುವೆ ಗೊತ್ತಾಯಿತು. ಬಳೆ ತೊಡಿಸಲು ಕೊಟ್ಟೂರಿನಿಂದ ಯಾರನ್ನೋ ಕರೆಸುವ ಮಾತು ನಡೆದಿತ್ತು. ನಾನು ಹಿತ್ತಲಿಗೆ ಹೋಗಿ ಬಳೆ ಅಕ್ಕನ ಮುಂದೆ ಕೈ ಚಾಚಿದೆ.

"ನಿಮ್ಮವ್ವನ್ನ ಕೇಳೀಯೇನು?"

"ಕೈ ನಂದೈತಕ್ಕಾ."

ಎರೆಯುತ್ತಿದ್ದ ಅಚ್ಚನ್ನು ಮುಗಿಸಿಯೇ ಎದ್ದಳು. ಸೋಪು ಹಚ್ಚಿ ಕೈ ತೊಳೆದಳು, ಮೂಸಿ ನೋಡಿಕೊಂಡಳು, ಮತ್ತೆ ತೊಳೆದಳು. ಹಸಿರು ಗಾಜಿನ ಬಳೆ ತಂದು ಕೂತಳು. ಮೊದಲನೆಯದು ಏರಿತು. ಎರಡನೆಯದು ಗೆಣ್ಣಿನ ಬಳಿ ಚಟ್ಟನೆ ಒಡೆಯಿತು. ಬಿಸಿ ಪ್ಲಾಸ್ಟಿಕ್ ಸಿಡಿದು ಸಿಡಿದು ಆಕೆಯ ಹೆಬ್ಬೆರಳು ಗಡುಸಾಗಿ, ಗೆಣ್ಣಿನ ಏರಿಳಿತ ತಿಳಿಯದಂತಾಗಿತ್ತು. ಮದುವೆಯ ಬಳೆ ಒಡೆಯಿತೆಂದರೆ... ಆಕೆ ಗಾಜಿನ ಚೂರುಗಳನ್ನು ಸೆರಗಿಗೆ ಆಯ್ದುಕೊಂಡಳು.

"ಕೈ ಮರ್ತೈತವ್ವಾ. ಕೊಟ್ಟೂರಿನಾಕಿನ್ನೇ ಕರಸ್ರಿ."

ನಾನು ಕೈ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. "ಆರಿದ್ರ ಅಂಟಂಗಿಲ್ಲ ಅಂತಿರ್ತೀಯಲ್ಲ. ಹಾಕು."

ಕಣ್ಣು ಮುಚ್ಚಿಕೊಂಡು ಹಾಕಿದಳು. ನಿಧಾನಕ್ಕೆ, ಒಂದೊಂದೇ. ಕೊನೆಯದು ಏರಿದ ಮೇಲೂ ನನ್ನ ಕೈ ಬಿಡಲಿಲ್ಲ.

ಮನೆಯಲ್ಲಿ ಅವ್ವ ನನ್ನ ಕೈ ತಿರುಗಿಸಿ ಮುರುಗಿಸಿ ನೋಡಿದಳು. ಯಾರು ತೊಡಿಸಿದರೆಂದು ಕೇಳಲಿಲ್ಲ. "ಬಿಗಿ ಅದಾವ" ಎಂದಳಷ್ಟೇ.

ಮರುದಿನ ಬಳೆ ಅಕ್ಕ ಸ್ಟೌ ಹಚ್ಚಲಿಲ್ಲ. ಅಂಗಡಿಯ ಗಾಜು ಒರೆಸಿ, ಗಿರಾಕಿ ಕೂರುವ ಸ್ಟೂಲನ್ನು ಬಾಗಿಲಿಗೆ ಹಾಕಿ ಕಾದು ಕೂತಳು. ಮುಂದಿನ ದಿನವೂ, ಅದರ ಮುಂದಿನ ದಿನವೂ. ಡಿಗ್ರಿ ಓದಿದವಳು ಕೈ ಚಾಚಿದರೆ ಬೀದಿಯೂ ಚಾಚುತ್ತದೆ ಎಂದು ನಾನೂ ನಂಬಿದ್ದೆ. ಆ ಸ್ಟೂಲಿನ ಮೇಲೆ ಯಾರೂ ಕೂರಲಿಲ್ಲ. ಬಂದವರು ಪೇಪರಿನಲ್ಲಿ ಸುತ್ತಿಸಿಕೊಂಡು ಹೋದರು.

ಗಂಡನ ಮನೆಯಿಂದ ಮೊದಲ ಸಲ ತವರಿಗೆ ಬಂದಾಗ ಸ್ಟೂಲು ಒಳಗೆ ಸೇರಿತ್ತು. ಹಿತ್ತಲಿನಿಂದ ಅದೇ ವಾಸನೆ. ಬಳೆ ಅಕ್ಕ ನಾಲ್ಕಾರು ನವಿಲುಗರಿ ಮೀನುಗಳನ್ನು ಬೇರೆಬೇರೆ ಪೇಪರಿನಲ್ಲಿ ಸುತ್ತಿ ನನ್ನ ಕೈಗಿಟ್ಟಳು.

"ನಿನ್ನ ಗಂಡಗ ಗಾಳ ಹಾಕಾಕ ಬರ್ತೈತೇನು?"

"ಇಲ್ಲಕ್ಕಾ."

"ಹಂಗಾರ ಚೊಲೊ. ಇವು ಹರಿಯಂಗಿಲ್ಲ. ಬಳಿ ಡಬ್ಬ್ಯಾಗ ಮಾತ್ರ ಇಡಬ್ಯಾಡ, ಒಂದನ್ನೊಂದು ತಿಂತಾವ."

ಕೊನೆಗೆ ಬಳೆ ಅಕ್ಕ ಕಾಯಿಲೆ ಬಿದ್ದಾಗ ಆಕೆಯ ತಮ್ಮ ಬಂದು ಹರಪನಹಳ್ಳಿಗೆ ಕರೆದುಕೊಂಡು ಹೋದನಂತೆ. ಅಲ್ಲೇ ತೀರಿಕೊಂಡಳು. ನನಗೆ ಸುದ್ದಿ ಮುಟ್ಟುವ ಹೊತ್ತಿಗೆ ಎಲ್ಲ ಮುಗಿದಿತ್ತು. ಆ ಕೋಣೆಯಲ್ಲೀಗ ಜೆರಾಕ್ಸ್ ಅಂಗಡಿ. ಹೊಸ ಕೆಲಸ, ಮನೆ ಬದಲಾವಣೆಗಳ ಗಡಿಬಿಡಿಯಲ್ಲಿ ಪೇಪರು ಯಾವಾಗ ಹರಿದುಹೋಯಿತೋ, ಆ ಮೀನುಗಳನ್ನು ಯಾವಾಗ ಈ ಡಬ್ಬಿಗೆ ಸುರಿದೆನೋ ನೆನಪಿಲ್ಲ. ಈಗ ಬಳೆ ಬೇಕಾದರೆ ಪ್ಯಾಕೆಟ್ಟು ತರುತ್ತೇನೆ, ಸೋಪು ಹಚ್ಚಿ ನಾನೇ ಏರಿಸಿಕೊಳ್ಳುತ್ತೇನೆ.

ಡಬ್ಬಿಯಿಂದ ಒಂದು ಮೀನನ್ನು ಕಿತ್ತು ಮಣಿಕಟ್ಟಿನ ಮೇಲಿಟ್ಟು ಕಿಟಕಿಯ ಬೆಳಕಿಗೆ ಹಿಡಿದೆ. ನವಿಲುಗರಿ ಕಾಣಲಿಲ್ಲ. ಅಷ್ಟರಲ್ಲಿ ಹಿನ್ನೀರಿನ ದಂಡೆಯಿಂದ ಅಣ್ಣನ ಫೋನು. ತೋಳುದ್ದದ ಕೊರಮೀನು ಬಂತು ಎಂದು ಕೂಗುತ್ತಿದ್ದ.

"ಯಾವ ಬಣ್ಣಕ್ಕ ಬಂತು?" ಎಂದೆ. ಮಾತು ನನಗೆ ಗೊತ್ತಿಲ್ಲದೇ ಬಾಯಿಗೆ ಬಂದಿತ್ತು.

"ಅಂಗಡೀದು, ಪ್ಯಾಕೆಟ್ಟಿಂದು" ಎಂದ. ಬಣ್ಣ ಹೇಳಲಿಲ್ಲ.