ಖಾಲಿ ಜಗ್ಗಿನ ಪರೀಕ್ಷೆ

ನಮ್ಮ ಸೋದರತ್ತೆಯನ್ನು ಊರೆಲ್ಲ ‘ಬಾಗಿಲಮ್ಮ’ ಎಂದೇ ಕರೆಯುತ್ತಾರೆ. ಪಶುವೈದ್ಯ ಕಾಲೇಜಿನ ಸಂದರ್ಶನದ ಕೋಣೆಯ ಹೊರಗೆ ಮೇಜು ಹಾಕಿಕೊಂಡು ಕೂತು, ಕಾಗದಪತ್ರ ನೋಡಿ, ಮಕ್ಕಳನ್ನು ಒಬ್ಬೊಬ್ಬರಾಗಿ ಒಳಗೆ ಬಿಡುವುದು ಅವಳ ಕೆಲಸ. ಸಂಬಳ ಗುಮಾಸ್ತೆಯದು, ಜಂಬ ಪ್ರಿನ್ಸಿಪಾಲರದು. ನನಗೆ ಅವಳನ್ನು ಕಂಡರಾಗುವುದಿಲ್ಲ. ಇದನ್ನು ಮೊದಲೇ ಹೇಳಿಬಿಡುವುದು ವಾಸಿ.

ಈ ಜಂಬ ಹುಟ್ಟಿದ್ದು ಒಂದು ತಮಾಷೆಯಿಂದ. ಆ ಕಾಲೇಜಿಗೆ ಅರ್ಜಿ ಹಾಕುವವರೆಲ್ಲ ಬುದ್ಧಿವಂತರೇ. ಒಂದು ವರ್ಷ ಕೊನೆಯ ಸೀಟಿಗೆ ಇಬ್ಬರು ಹುಡುಗರು ಉಳಿದರು. ಅಂಕವೂ ಒಂದೇ, ಒಳಗೆ ಕೊಟ್ಟ ಉತ್ತರವೂ ಹೆಚ್ಚುಕಡಿಮೆ ಒಂದೇ. ಪ್ರೊಫೆಸರರು ತಲೆ ಕೆರೆದುಕೊಂಡು, ಫೈಲು ತೆಗೆದುಕೊಳ್ಳಲು ಒಳಗೆ ಬಂದ ಅತ್ತೆಯನ್ನು ನಗುತ್ತಲೇ ಕೇಳಿದರಂತೆ, ಹೊರಗೆ ಇವರಿಬ್ಬರೂ ಹೇಗಿದ್ದರು ಎಂದು. ಒಬ್ಬ ಕಾಲು ಅಲ್ಲಾಡಿಸುತ್ತಾ ಕೂತಿದ್ದ ಎಂದಳು ಇವಳು. ಅಲ್ಲಿಗೆ ಅವನ ಕತೆ ಮುಗಿಯಿತು. ಮರುವರ್ಷವೂ ಕೇಳಿದರು. ಬರುಬರುತ್ತಾ ಅದೇ ಪದ್ಧತಿಯಾಯಿತು, ಯಾರೂ ನಗುವುದನ್ನು ಬಿಟ್ಟರು.

ಅತ್ತೆಗೆ ಕೊಂಬು ಬಂತು. ಕಾಯುವ ಕೋಣೆಯ ಮೂಲೆಯಲ್ಲಿದ್ದ ನೀರಿನ ಜಗ್ಗನ್ನು ಬೇಕೆಂದೇ ಖಾಲಿ ಇಡತೊಡಗಿದಳು. ನಲ್ಲಿ ಇರುವುದು ಕಾರಿಡಾರಿನ ಆ ತುದಿಯಲ್ಲಿ. ಯಾರು ಜಗ್ಗು ತುಂಬಿ ತರುತ್ತಾರೆ, ಯಾರು ಬಗ್ಗಿ ನೋಡಿ ಏನೂ ಅರಿಯದವರಂತೆ ಬಂದು ಕೂರುತ್ತಾರೆ, ಯಾರು ಅಮ್ಮನ ಕೈಯಲ್ಲಿ ಬ್ಯಾಗು ಹೊರಿಸುತ್ತಾರೆ, ಎಲ್ಲವನ್ನೂ ಕನ್ನಡಕದ ಮೇಲಿನಿಂದ ನೋಡುವುದು. ಪಾಪ, ಸಂದರ್ಶನ ನಡೆಯುವುದು ಒಳಗೆ ಎಂದುಕೊಂಡು ಮಕ್ಕಳು ಹೊರಗೆ ಕೂತು ಉಗುರು ಕಚ್ಚುತ್ತಿದ್ದವು. ಉಗುರು ಕಚ್ಚಿದ್ದೂ ಲೆಕ್ಕಕ್ಕೆ ಬರುತ್ತಿತ್ತು.

ರಜಾ ದಿನ ನಮ್ಮ ಮನೆಗೆ ಊಟಕ್ಕೆ ಬಂದರೆ ಇದೇ ಪುರಾಣ. ಈ ಸಲ ಯಾರನ್ನು ಹಾರಿಸಿದೆ, ಯಾರನ್ನು ಉಳಿಸಿದೆ ಎಂದು ಕೈ ಒಣಗುವವರೆಗೂ ಹೇಳುವಳು. ನನ್ನ ಮಗಳು ಅದನ್ನೆಲ್ಲ ಕೇಳುತ್ತಲೇ ಬೆಳೆದಳು. ಬೀದಿನಾಯಿ ಕಂಡರೆ ಅಲ್ಲೇ ಕೂತು ಕಿವಿಯೊಳಗಿನ ಉಣ್ಣಿ ಕೀಳುವ ಹುಡುಗಿ ಅದು. ಪ್ರಾಣಿಗಳ ಡಾಕ್ಟರಾಗುವುದು ಬಿಟ್ಟು ಅವಳ ತಲೆಯಲ್ಲಿ ಬೇರೇನೂ ಇರಲಿಲ್ಲ.

ಈ ವರ್ಷ ಅವಳ ಸರದಿ ಬಂತು. ಅತ್ತೆಗೆ ಒಂದು ಮಾತು ಹೇಳೋಣ ಎಂದು ನನ್ನ ಗಂಡ ಹೊರಟಿದ್ದರು, ನಾನೇ ಬೇಡವೆಂದು ತಡೆದೆ. ಮಗಳ ಓದಿನ ಮೇಲೆ ನನಗೆ ಅಷ್ಟು ಧೈರ್ಯವಿತ್ತು. ಗ್ರಹಚಾರಕ್ಕೆ ಕೊನೆಯ ಸೀಟಿಗೆ ಅವಳೂ ಇನ್ನೊಬ್ಬ ಹುಡುಗಿಯೂ ಉಳಿದರು, ಸರಿಸಮ. ಸೀಟು ಇನ್ನೊಬ್ಬಳ ಪಾಲಾಯಿತು. ನಮ್ಮವಳು ಮನೆಗೆ ಬಂದವಳೇ ಕೋಣೆಯ ಬಾಗಿಲು ಹಾಕಿಕೊಂಡಳು. ಎರಡು ಹೊತ್ತು ಊಟಕ್ಕೂ ಬರಲಿಲ್ಲ.

ಆ ವಾರದ ರಜೆಗೂ ಅತ್ತೆ ಎಂದಿನಂತೆ ಬಂದಳು. ನಾಚಿಕೆ ಎಂಬುದು ಅವಳ ಜಾತಕದಲ್ಲೇ ಇಲ್ಲ. ಕುರ್ಚಿ ಎಳೆದುಕೊಂಡು ಕೂತು, ಸೆರಗಿನಿಂದ ಗಾಳಿ ಹಾಕಿಕೊಂಡಳು. ಒಳಗೆ ನೀನೇನು ಹೇಳಿದೆ ಎಂದು ನೇರವಾಗಿ ಕೇಳಿದೆ.

‘ಕಂಡಿದ್ದು ಹೇಳ್ದೆ. ನಿನ್ನ ಮಗಳು ಜಗ್ಗು ತುಂಬಿ ತಂದ್ಲು. ಯಾರೋ ಹೇಳ್ಕೊಟ್ಟು ಕಳ್ಸಿರೋ ಹಾಗಿದೆ ಅಂದೆ. ಆ ಇನ್ನೊಂದು ಹುಡುಗಿ ಏನೂ ಗೊತ್ತಿಲ್ದೆ ತನ್ನ ಪಾಡಿಗೆ ತಾನು ಕೂತಿತ್ತು.’

ಹೇಳಿಕೊಟ್ಟವರು ಯಾರು? ಇಷ್ಟು ವರ್ಷ ನಮ್ಮ ಮನೆಯಲ್ಲೇ ಉಂಡು, ನಮ್ಮ ಮಗುವಿನ ಎದುರಿಗೇ ಬಡಾಯಿ ಕೊಚ್ಚಿಕೊಂಡವಳು ಯಾರು? ಅಲ್ಲಿ ಯಾರೋ ಮುದುಕ ಕೆಮ್ಮುತ್ತಿದ್ದನಂತೆ, ಅದಕ್ಕೇ ನೀರು ತಂದೆ ಎಂದು ಮಗಳು ನನಗೆ ಹೇಳಿದ್ದಳು. ಗೊತ್ತಿದ್ದೂ ತುಂಬಿದರೆ ನಾಟಕ, ಗೊತ್ತಿದ್ದೂ ಬಿಟ್ಟರೆ ಸೊಕ್ಕು. ಆ ಮಗು ಏನು ತಾನೇ ಮಾಡಬೇಕಿತ್ತು? ಅವಳು ನಿನ್ನ ಮೊಮ್ಮಗಳ ಸಮ ಎಂದಾದರೂ ಪ್ರೊಫೆಸರರಿಗೆ ಹೇಳಿದೆಯಾ ಎಂದೆ.

‘ಇವ್ರಲ್ಲಿ ನಿಮ್ಮ ಕಡೆಯೋರು ಯಾರಾದ್ರೂ ಇದಾರಾ ಅಂತ ಕೇಳಿದ್ರು. ಯಾರೂ ಇಲ್ಲ ಅಂದೆ. ಇದಾರೆ ಅಂದಿದ್ರೆ ನನ್ನನ್ನ ಕೇಳ್ತಾನೇ ಇರ್ಲಿಲ್ಲ, ಚೀಟಿ ಎತ್ತಿಬಿಡೋರು.’

ಚೀಟಿ ಎತ್ತಿದ್ದರೆ ನನ್ನ ಮಗಳಿಗೆ ಒಂದು ಅವಕಾಶವಾದರೂ ಇರುತ್ತಿತ್ತು. ಅದು ಅತ್ತೆಗೆ ಹೊಳೆದೇ ಇರಲಿಲ್ಲ. ತನ್ನನ್ನು ಒಳಗೆ ಕರೆದು ಕೇಳಬೇಕು, ಅಷ್ಟೇ. ಬೈಯಲು ಬಾಯಿ ತೆರೆದೆ. ಅಷ್ಟರಲ್ಲಿ ಮಾತಿನ ಸದ್ದು ಕೇಳಿ, ಮುಚ್ಚಿದ ಬಾಗಿಲ ಹಿಂದಿನಿಂದ ಮಗಳು ಯಾರಮ್ಮ ಬಂದಿರೋದು ಎಂದು ಕೇಳಿದಳು.

‘ಯಾರೂ ಇಲ್ಲ’ ಎಂದೆ, ಅತ್ತೆಯ ಮುಖವನ್ನೇ ನೋಡುತ್ತಾ.

ಅತ್ತೆ ಕುರ್ಚಿ ಹಿಂದಕ್ಕೆ ಸರಿಸಿ ಎದ್ದಳು. ಊಟ ಮಾಡಿಕೊಂಡು ಹೋಗು ಎಂದು ನಾನು ಹೇಳಲಿಲ್ಲ.