ಅಮ್ಮನ ಫೋನಿನಲ್ಲಿ ಅವಳ ವಿಜೆಟ್

ಕೊಪ್ಪದ ಬಸ್‌ಸ್ಟ್ಯಾಂಡಿನ ಹತ್ತಿರ, ಒಂದು ಮೆಡಿಕಲ್ ಶಾಪಿನ ಮೇಲೆ ನಮ್ಮ ಆಫೀಸು. ಹಿಂದಿ ಕಲಿಸುವ ಆ್ಯಪ್‌ಗೆ ನಾನೂ ನರಸಿಂಹರಾಜಪುರದಿಂದ ಬರುವ ಗೆಳತಿಯೂ ವಿಜೆಟ್ ಮಾಡುತ್ತಿದ್ದೆವು. ಆ್ಯಪ್ ತೆರೆಯದಿದ್ದರೂ ಫೋನಿನ ಮೊದಲ ಪರದೆಯಲ್ಲೇ ಕೂತು, ದಿನಾ ಕಲಿಯಲು ನೆನಪಿಸುವ ಪುಟ್ಟ ಚೌಕ ಅದು. ಇಬ್ಬರೂ ಒಂದೊಂದು ಮಾಡುವುದು, ಜನ ಒಪ್ಪಿದ್ದನ್ನು ಇಟ್ಟುಕೊಳ್ಳುವುದು ಎಂದು ತೀರ್ಮಾನವಾಗಿತ್ತು.

ನನ್ನದರಲ್ಲಿ ಒಂದು ಹಕ್ಕಿ. ಪಾಠ ಮಾಡಿದ ದಿನ ರೆಕ್ಕೆ ಬಿಚ್ಚುತ್ತಿತ್ತು, ತಪ್ಪಿಸಿದ ದಿನ ಕತ್ತು ಜೋಲಿಸುತ್ತಿತ್ತು. ಆ ಕತ್ತನ್ನು ಬಿಡಿಸಲು ಪಟ್ಟ ಪಾಡು ನನಗೇ ಗೊತ್ತು. ಅವಳದ್ದರಲ್ಲಿ ಚಿತ್ರವೇ ಇಲ್ಲ. ಒಂದು ಕನ್ನಡ ಪದ. ಬೆರಳು ತಾಗಿಸಿದರೆ ಅದರ ಹಿಂದಿ. ನೋಡಿ ಒಳಗೊಳಗೇ ನಕ್ಕಿದ್ದೆ.

ಅಮ್ಮನದು ಕಮ್ಮರಡಿಯಲ್ಲಿ ಟೈಲರಿಂಗ್ ಅಂಗಡಿ. ಎಸ್ಟೇಟ್ ಕೆಲಸಕ್ಕೆಂದು ಉತ್ತರ ಭಾರತದಿಂದ ಬಂದ ಹೆಂಗಸರು ರವಿಕೆ ಹೊಲಿಸಲು ಬಂದರೆ ಒಬ್ಬರ ಮಾತು ಒಬ್ಬರಿಗೆ ತಿಳಿಯದೆ ಒದ್ದಾಟ. ಅಮ್ಮನ ಫೋನಿಗೆ ಎರಡೂ ವಿಜೆಟ್ ಹಾಕಿಕೊಟ್ಟೆ. ಮುಂದಿನ ಭಾನುವಾರ ಹೋದಾಗ ಹಕ್ಕಿ ಇರಲಿಲ್ಲ.

"ಎಲ್ಲಿ ಹೋಯ್ತಮ್ಮ?"

"ತೆಗ್ಸಿದೆ ಮಾರಾಯ್ತಿ. ಒಂದಿನ ಮದುವೆಮನೆಗೆ ಹೋಗಿ ಬಂದ್ರೆ ಮುಖ ಜೋಲು ಹಾಕ್ಕೊಂಡು ಕೂತಿರ್ತದೆ, ನಮ್ಮತ್ತೆ ಥರ. ಈ ಪದದ್ದು ಒಂದಿನ ಬಿಟ್ರೂ ಬೈಯಲ್ಲ. ಹೊಲೀತಾ ಹೊಲೀತಾ ಒಂದು ಪದ ಆಗ್ತದೆ. ಯಾರು ಮಾಡಿದ್ದು?"

ಹೇಳಲೇಬೇಕಾಯಿತು. "ಜಾಣೆ ಅವ್ಳು" ಎಂದಳು ಅಮ್ಮ. ನನ್ನ ಬಗ್ಗೆ ಆ ಮಾತು ಅವಳ ಬಾಯಲ್ಲಿ ಬಂದಿದ್ದು ಯಾವಾಗಲೋ.

ಅಷ್ಟರಲ್ಲಿ ಗಿರಾಕಿಯೊಬ್ಬಳು ಬಂದಳು. "ಆಸ್ತೀನ್ ಲಂಬೀ ಯಾ ಛೋಟೀ?" ತೋಳು ಉದ್ದವೋ ಗಿಡ್ಡವೋ ಎಂದು ಅಮ್ಮ ಕೇಳಿ, ಹೇಗೆ ಎನ್ನುವಂತೆ ನನ್ನತ್ತ ನೋಡಿದಳು. ನಾನು ನಕ್ಕೆ.

ಆಫೀಸಿನಲ್ಲೂ ಅವಳದ್ದೇ ಆಯ್ಕೆಯಾಯಿತು. ಅದನ್ನಾದರೂ ನುಂಗಿಕೊಂಡೆ. ಆದರೆ ಅಮ್ಮ ಅವಳ ನಂಬರ್ ತೆಗೆದುಕೊಂಡಳು. ಈಗ ಮಧ್ಯಾಹ್ನ ಅವಳ ಮೇಜಿನ ಫೋನು ಹೊಡೆದುಕೊಳ್ಳುತ್ತದೆ. "ಹೇಳಿ ಅಮ್ಮಾ" ಎನ್ನುತ್ತಾಳೆ. ಗುಂಡಿಗೆ, ಕಾಜಕ್ಕೆ, ಅಂಚಿಗೆ ಹಿಂದಿಯಲ್ಲಿ ಏನೆನ್ನುವುದು ಎಂದು ಇಬ್ಬರೂ ನಗುತ್ತಾ ಮಾತಾಡುತ್ತಾರೆ. ನನಗೆ ಅಮ್ಮ ಫೋನ್ ಮಾಡುವುದು ಗ್ಯಾಸ್ ಬುಕ್ ಮಾಡಿಸಲು.

ಮೊನ್ನೆ ಅಮ್ಮ ಅವಳಿಗೊಂದು ರವಿಕೆ ಹೊಲಿದು ನನ್ನ ಕೈಲೇ ಕಳಿಸಿದಳು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದೆ. ನನಗಿಷ್ಟದ ಪಾಚಿ ಬಣ್ಣ. ಅವಳು ಹಾಕಿಕೊಂಡು ಬಂದಳು, ಎಲ್ಲೂ ಒಂದು ಸುಕ್ಕಿಲ್ಲ.

"ಅಳತೆ ಯಾವಾಗ ಕೊಟ್ಟೆ?"

"ಫೋನಲ್ಲೇ ಮಾರಾಯ್ತಿ. ನಿಮ್ಮಮ್ಮ ಹಿಂದೀಲೇ ಕೇಳಿದ್ರು!"

ಚೆನ್ನಾಗಿದೆ ಎಂದೆ. ನಿಜವಾಗಿಯೂ ಚೆನ್ನಾಗಿತ್ತು; ಅದೇ ಸಂಕಟ.