ರೋಸ್ವಿಟಾ ಒಪ್ಪದ ಅಪ್ಪ

ನಮ್ಮೂರಿನ ಶಾಲೆ ಬಸ್ಸು ಓಡಿಸುವ ರೋಸ್ವಿಟಾಳ ಅಪ್ಪ ಯಾರೆಂಬುದು ಐಫೆಲ್ ಗುಡ್ಡದ ಈ ಹಳ್ಳಿಯಲ್ಲಿ ಎಲ್ಲರಿಗೂ ಗೊತ್ತಿತ್ತು, ಸರ್ಕಾರವೊಂದನ್ನು ಬಿಟ್ಟು. ಅವಳ ತಾಯಿ ವಾಲ್ಬುರ್ಗಾ ಹರೆಯದಲ್ಲಿ ಮಾಂಸದಂಗಡಿಯ ಹೂಬರ್ಟ್ ಟೊನೆಸ್‌ನ ಮನೆಗೆಲಸಕ್ಕೆ ಹೋಗುತ್ತಿದ್ದಳು. ಅಲ್ಲೇ ಬಸುರಾದಳು. ಹೂಬರ್ಟ್‌ಗೆ ಆಗಲೇ ಮದುವೆಯಾಗಿತ್ತು. ಮಕ್ಕಳ ಇಲಾಖೆಯವರು ಬಂದು ಎಷ್ಟು ಕೆದಕಿದರೂ ಅವಳು ಹೆಸರು ಬಾಯಿಬಿಡಲಿಲ್ಲ. ಚರ್ಚಿನಲ್ಲಿ ಅವಳು ಕೂತ ಬೆಂಚಿನಲ್ಲಿ ಬೇರೆ ಯಾರೂ ಕೂರುತ್ತಿರಲಿಲ್ಲ. ಮಗಳನ್ನು ಒಬ್ಬಳೇ ಸಾಕಿದಳು, ಅದೂ ಅವನ ಅಂಗಡಿಯ ಎದುರು ಮನೆಯಲ್ಲೇ.

ಹೂಬರ್ಟ್‌ಗೆ ಮಕ್ಕಳಾಗಲಿಲ್ಲ. ಅವನಿಗೆ ಎಂಬತ್ತು ವಯಸ್ಸಾಗುವ ಸುಮಾರಿಗೆ ಹೆಂಡತಿಯೂ ತೀರಿಕೊಂಡಳು. ಒಂದು ಭಾನುವಾರ ಕೋಟು ತೊಟ್ಟು ಬಂದು ವಾಲ್ಬುರ್ಗಾಳ ಬಾಗಿಲು ತಟ್ಟಿದ. ಪಕ್ಕದ ಮನೆಯವಳಾದ ನಾನು ಅಲ್ಲೇ ಕಾಫಿ ಕುಡಿಯುತ್ತಿದ್ದೆ. ಏಳಲು ಹೋದರೆ ರೋಸ್ವಿಟಾ, “ಕೂತ್ಕೊಳಕ್ಕ, ಯಾರಿಗೆ ಗೊತ್ತಿಲ್ಲದ್ದು?” ಎಂದಳು.

“ಇವಳು ನನ್ನ ಮಗಳು ಅಂತ ನೋಂದಣಿ ಕಚೇರೀಲಿ ಬರೆಸ್ತೀನಿ,” ಎಂದ ಹೂಬರ್ಟ್.

ವಾಲ್ಬುರ್ಗಾಳ ಮುಖ ಅರಳಿತು. “ಬರೆಸು ಹೂಬರ್ಟ್. ಎಲ್ಲಿ ಬೇಕೋ ಅಲ್ಲಿ ಸಹಿ ಹಾಕ್ತೀನಿ.”

“ನನ್ನ ಕೇಳೋರಿಲ್ವಾ?” ಎಂದಳು ರೋಸ್ವಿಟಾ.

“ನಿನ್ನ ಒಪ್ಪಿಗೇನೂ ಬೇಕಂತಮ್ಮ. ಕೂಸಾಗಿದ್ರೆ ನಿಮ್ಮಮ್ಮ ಒಪ್ಪಿದ್ರೆ ಆಗೋದು. ಈಗ ನೀನು ದೊಡ್ಡೋಳು.”

“ಐವತ್ತು ದಾಟಿತು ಟೊನೆಸ್ ಅವರೇ! ಅಂಗಡಿಗೆ ಬಂದ ಮಕ್ಕಳಿಗೆಲ್ಲ ಒಂದೊಂದು ಚೂರು ಸಾಸೇಜ್ ಕೈಗಿಡ್ತಿದ್ರಿ. ನಾನು ಬಂದ್ರೆ ಚಾಕು ಕೆಳಗಿಟ್ಟು ಒಳಗೆ ಹೋಗ್ತಿದ್ರಿ. ಯಾಕೆ ಅಂತ ಅಮ್ಮನ್ನ ಕೇಳಿದ್ರೆ ಕೆನ್ನೆಗೆ ಬೀಳ್ತಿತ್ತು.”

“ನನ್ನ ಹೆಂಡ್ತಿ ನೋಡ್ತಾ ಇರ್ತಿದ್ಲು...”

“ಈಗ ನೋಡೋರಿಲ್ಲ. ಹಾಸಿಗೆ ಹಿಡಿದ್ರೆ ಸೂಪ್ ಕುಡಿಸೋರೂ ಇಲ್ಲ. ಅದಕ್ಕೆ ಅಪ್ಪ ಆಗೋಕೆ ಬಂದ್ರಿ.”

ವಾಲ್ಬುರ್ಗಾ ಮುಂದಿಟ್ಟ ಕೇಕು ಮುಟ್ಟದೆ ಮುದುಕ ಎದ್ದುಹೋದ. ಆದರೂ ಆ ವಾರವೇ ಕಚೇರಿಯಲ್ಲಿ ಬರೆಸಿದ. ವಾಲ್ಬುರ್ಗಾಳೂ ಹೊಸ ಸ್ಕಾರ್ಫ್ ಕಟ್ಟಿಕೊಂಡು ಹೋಗಿ ಸಹಿ ಹಾಕಿದಳು. ರೋಸ್ವಿಟಾ ಮಾತ್ರ ಹೋಗಲಿಲ್ಲ.

“ನಿನಗೋಸ್ಕರ ಅಲ್ಲ ಕಣೆ, ನನಗೋಸ್ಕರ ಹಾಕು,” ಎಂದು ತಾಯಿ ಅಂಗಲಾಚಿದಳು. “ನನ್ನನ್ನ ಇಷ್ಟು ವರ್ಷ ಏನೇನೋ ಅಂದ ಈ ಊರು ಒಂದ್ಸಲ ನೋಡಲಿ.”

“ನೀನು ಆಗ ಬಾಯಿಬಿಡಬೇಕಿತ್ತಮ್ಮ. ನಿನ್ನ ಮಾನಕ್ಕೆ ನಾನ್ಯಾಕೆ ಅವನ ಮಗಳಾಗಲಿ?”

ಹೀಗೆ ವರ್ಷ ಕಳೆಯಿತು. ಬೇಕಾದ ಒಪ್ಪಿಗೆ ವರ್ಷದೊಳಗೆ ಬರದಿದ್ದರೆ ಅಪ್ಪನೆಂದು ಬರೆಸಿದವನು ಅದನ್ನು ಹಿಂದಕ್ಕೆ ಪಡೆಯಬಹುದು; ನಮ್ಮಲ್ಲಿ ಕಾನೂನು ಹಾಗಿದೆ. ಹೂಬರ್ಟ್ ಹಿಂದಕ್ಕೆ ಪಡೆದ. ಮನೆ, ಅಂಗಡಿ ಎರಡನ್ನೂ ಸೋದರಳಿಯನ ಹೆಸರಿಗೆ ಮಾಡಿದ. ಈ ಸುದ್ದಿ ವಾಲ್ಬುರ್ಗಾಳಿಗೆ ತಿಳಿದದ್ದು ಬೇಕರಿಯ ಸಾಲಿನಲ್ಲಿ, ಆ ಸೋದರಳಿಯನ ಹೆಂಡತಿಯ ಬಾಯಿಂದ.

“ನಮ್ಮ ಮಾವ ಬೇಡ ಅಂತ ಬರ್ಕೊಟ್ರು. ಕೊಡುವಾಗ ತಗೋಬೇಕಿತ್ತು, ಅಲ್ವಾ?”

ವಾಲ್ಬುರ್ಗಾ ಕೊಂಡ ಬ್ರೆಡ್ಡನ್ನು ಅಲ್ಲೇ ಬಿಟ್ಟು ಬಂದಳು. ವಿಷಯ ಕೇಳಿ ನಾನು ಅವಳ ಮನೆಗೆ ಹೋದಾಗ ಅಡುಗೆಮನೆಯಲ್ಲಿ ಕೂತಿದ್ದಳು. ಬಸ್ಸು ನಿಲ್ಲಿಸಿ ಬಂದ ರೋಸ್ವಿಟಾಗೆ ನಾನೇ ಹೇಳಬೇಕಾಯಿತು. ಅವಳು ಜಾಕೆಟ್ಟನ್ನೂ ಕಳಚದೆ ಕುರ್ಚಿಯಲ್ಲಿ ಕುಸಿದು ಬಿಕ್ಕಿ ಬಿಕ್ಕಿ ಅತ್ತಳು.

“ಬೇಡ ಅಂದೋಳು ನೀನೇ ಅಲ್ವೇನೆ?” ಎಂದಳು ತಾಯಿ. “ಈಗ ಯಾತಕ್ಕೆ ಅಳ್ತೀಯ?”

“ಇನ್ನೊಂದ್ಸಲ ಬಂದು ಕೇಳ್ತಾನೆ ಅಂದ್ಕೊಂಡಿದ್ದೆ.”

ತಾಯಿ ಮಗಳ ಹತ್ತಿರ ಹೋಗಲಿಲ್ಲ.

ಆ ಚಳಿಗಾಲದಲ್ಲೇ ಹೂಬರ್ಟ್ ವೃದ್ಧಾಶ್ರಮದಲ್ಲಿ ಸತ್ತ. ಮಣ್ಣಿಗೆ ಊರೆಲ್ಲ ಹೋಯಿತು, ಇವರಿಬ್ಬರು ಹೋಗಲಿಲ್ಲ. ಇವತ್ತಿಗೂ ಒಂದೇ ಮನೆಯಲ್ಲಿದ್ದಾರೆ. ಊಟಕ್ಕೆ ಕರೆಯುವುದು, ಬಾಗಿಲು ಹಾಕು ಎನ್ನುವುದು ಬಿಟ್ಟರೆ ಅವರ ನಡುವೆ ಮಾತಿಲ್ಲ.